ಪಟ್ಟಿನ ಜೊತೆಗೊಂದು ಪೆಟ್ಟು: ಜುಜುತ್ಸು ಕಲಿತವರು ಯಾವ ಹೊಡೆತದ ಕಲೆ ಆರಿಸಿಕೊಳ್ಳಬೇಕು?

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ಬೇರೆ ಬೇರೆ ಕಾಳಗ ಕಲೆಗಳವರನ್ನು ಎದುರುಬದುರು ನಿಲ್ಲಿಸುವ ಯುಎಫ್‌ಸಿಯ ಮೊದಲ ಪಂದ್ಯಾವಳಿ ನಡೆಯಿತು. ಆರ್ಟ್ ಜಿಮ್ಮರ್‌ಸನ್ ಎಂಬ ವೃತ್ತಿಪರ ಬಾಕ್ಸರ್ ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಕಣಕ್ಕೆ ಬಂದ. ಎದುರಿಗಿದ್ದವನು ಗಿ ಎಂಬ ಬಿಳಿ ಉಡುಪು ತೊಟ್ಟ, ಸಪೂರ ಮೈಕಟ್ಟಿನ ರಾಯ್ಸ್ ಗ್ರೇಸಿ. ಗ್ರೇಸಿ ನುಗ್ಗಿ ಅವನನ್ನು ಕೆಡವಿ ಎದೆಯ ಮೇಲೆ ಕೂತ. ಬಾಕ್ಸರ್ ಕೈ ತಟ್ಟಿ ಸೋಲೊಪ್ಪಿಕೊಂಡಾಗ ಆಗಿದ್ದುದು 2 ನಿಮಿಷ 18 ಸೆಕೆಂಡ್. ಅದೇ ರಾತ್ರಿ ಇನ್ನಿಬ್ಬರನ್ನು ಮಣಿಸಿ ಗ್ರೇಸಿ ಪ್ರಶಸ್ತಿ ಗೆದ್ದ. ಹಿಡಿತ ಬಲ್ಲವನಿಗೆ ಹೊಡೆತದ ಹಂಗಿಲ್ಲ ಎಂಬ ನಂಬಿಕೆ ಅಂದಿನಿಂದ ಬಹಳ ಜನರ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಆ ಪಂದ್ಯದ ವಿಡಿಯೋವನ್ನು ಈಗ ಮತ್ತೊಮ್ಮೆ ನಿಧಾನವಾಗಿ ನೋಡಿ. ಗ್ರೇಸಿ ಕಣ್ಣು ಮುಚ್ಚಿ ನುಗ್ಗುವುದಿಲ್ಲ. ಎದುರಾಳಿಯ ಮುಂದಿನ ಕಾಲಿನ ಮಂಡಿಯತ್ತ ಪಕ್ಕದ ಒದೆತ ಹಾಕುತ್ತ ಅವನನ್ನು ದೂರವಿಡುತ್ತಾನೆ, ಸಮಯ ಕಾಯುತ್ತಾನೆ, ಸಂದು ಸಿಕ್ಕಾಗ ಮಾತ್ರ ಒಳಗೆ ಹೋಗುತ್ತಾನೆ. ಆ ರಾತ್ರಿ ಜುಜುತ್ಸುವನ್ನು ಎದುರಾಳಿಯ ಮೈವರೆಗೆ ತಲುಪಿಸಿದ್ದು ಒಂದು ಸಾದಾ ಒದೆತ.

ನಾಲ್ಕೇ ವರ್ಷದಲ್ಲಿ ಲೆಕ್ಕ ತಿರುಗಿತು. 1997ರ ಜುಲೈನಲ್ಲಿ ಯುಎಫ್‌ಸಿ 14ರಲ್ಲಿ ಮಾರಿಸ್ ಸ್ಮಿತ್ ಎಂಬ ಕಿಕ್‌ಬಾಕ್ಸರ್, ಒಲಿಂಪಿಕ್ಸ್‌ನಲ್ಲಿ ಕುಸ್ತಿ ಆಡಿ ಬಂದಿದ್ದ ಮಾರ್ಕ್ ಕೋಲ್ಮನ್‌ನನ್ನು ಸೋಲಿಸಿದ. ನೆಲಕ್ಕೆ ಬಿದ್ದಾಗ ಗಾರ್ಡ್‌ನಲ್ಲಿ, ಅಂದರೆ ಕೆಳಗಿನಿಂದ ಕಾಲುಗಳಲ್ಲಿ ಎದುರಾಳಿಯನ್ನು ತಡೆದಿಟ್ಟು, ಉಳಿದುಕೊಳ್ಳುವುದನ್ನು, ಮತ್ತೆ ಎದ್ದು ನಿಲ್ಲುವುದನ್ನು ಸ್ಮಿತ್ ಕಲಿತಿದ್ದ. ಕೋಲ್ಮನ್‌ಗೆ ದಮ್ಮು ಕಟ್ಟಿದ ಮೇಲೆ ನಿಂತ ಆಟ ಪೂರ್ತಿ ಸ್ಮಿತ್‌ನದಾಯಿತು. ಹೊಡೆಯುವವರು ಹಿಡಿತ ಕಲಿಯತೊಡಗಿದ ಮೇಲೆ, ಹಿಡಿಯುವವರು ಹೊಡೆತ ಕಲಿಯದೆ ಬೇರೆ ದಾರಿ ಉಳಿಯಲಿಲ್ಲ.

ಈಗ ಬೆಂಗಳೂರಿನಲ್ಲಿ ಬ್ರೆಜಿಲಿಯನ್ ಜುಜುತ್ಸು ಕಲಿಸುವ ಜಾಗಗಳು ಸಾಕಷ್ಟಿವೆ. ನೀಲಿ ಬೆಲ್ಟ್ ಬರುವ ಹೊತ್ತಿಗೆ ಕಲಿಯುವವರಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಇದರ ಜೊತೆಗೆ ಯಾವುದನ್ನು ಕಲಿಯಲಿ? ಬಾಕ್ಸಿಂಗೇ, ಮುವಾಯ್ ಥಾಯ್‌ಯೇ, ಚಿಕ್ಕಂದಿನಲ್ಲಿ ಅರ್ಧಕ್ಕೆ ಬಿಟ್ಟ ಕರಾಟೆಯೇ? ಕೇಳುವವರಿಗೆಲ್ಲ ಒಂದೇ ಉತ್ತರ ಒಪ್ಪುವುದಿಲ್ಲ. ಆದರೆ ಉತ್ತರ ಹುಡುಕಲು ಒಂದು ಗಟ್ಟಿ ಅಳತೆಗೋಲು ಇದೆ.

ಮೊದಲ ಎರಡು ಹೆಜ್ಜೆ

ಎದುರಾಳಿಯ ಮುಷ್ಟಿ ನಿಮ್ಮ ಮುಖಕ್ಕೆ ತಾಕುವ ದೂರಕ್ಕೂ, ನಿಮ್ಮ ಕೈ ಅವನ ಸೊಂಟಕ್ಕೋ ಕತ್ತಿಗೋ ಸಿಗುವ ದೂರಕ್ಕೂ ನಡುವೆ ಸುಮಾರು ಎರಡು ಹೆಜ್ಜೆ ಇರುತ್ತದೆ. ಜುಜುತ್ಸು ಕಲಿತವರ ಆಟ ಕೆಡುವುದು ಅಲ್ಲೇ. ಮ್ಯಾಟ್ ಮೇಲಿನ ಅಭ್ಯಾಸ ಬಹುತೇಕ ಮಂಡಿಯೂರಿ ಶುರುವಾಗುತ್ತದೆ, ಇಲ್ಲವೇ ಇಬ್ಬರೂ ಒಬ್ಬರ ಕಾಲರ್ ಒಬ್ಬರು ಹಿಡಿದ ಮೇಲೆ ಶುರುವಾಗುತ್ತದೆ. ಆ ಎರಡು ಹೆಜ್ಜೆಯನ್ನು ಯಾರೋ ಪುಕ್ಕಟೆಯಾಗಿ ದಾಟಿಸಿ ಕೊಟ್ಟ ಹಾಗೆ. ಹಳೆಯ ಜಪಾನಿ ಜುಜುತ್ಸುವಿನಲ್ಲಿ ಅತೆಮಿ ಎಂಬ ಹೊಡೆತಗಳಿದ್ದವು. ಎದುರಾಳಿಯ ಗಮನ ಚದುರಿಸಿ ಸಮತೋಲ ತಪ್ಪಿಸುವುದು, ಆಮೇಲೆ ಎಸೆಯುವುದು ಅದರ ಉದ್ದೇಶ. 1882ರಲ್ಲಿ ಜಿಗೊರೊ ಕಾನೊ ಜುಜುತ್ಸುವಿನಿಂದ ಜೂಡೊ ಕಟ್ಟಿದಾಗ, ಜೋರಾಗಿ ಅಭ್ಯಾಸ ಮಾಡಿದರೆ ಅಪಾಯವೆಂದು ಈ ಹೊಡೆತಗಳನ್ನು ಕಾತಾ ಎಂಬ ನಿಗದಿತ ಚಲನೆಗಳ ಸರಣಿಯೊಳಗೆ ಉಳಿಸಿ, ದಿನದ ಮುಕ್ತ ಸೆಣಸಾಟದಿಂದ ಹೊರಗಿಟ್ಟರು. ಜೂಡೊದ ಮೂಲಕ ಬ್ರೆಜಿಲ್‌ಗೆ ಹೋದ ಕಲೆಯೂ ಕಾಲ ಕಳೆದಂತೆ ನೆಲದ ಮೇಲಿನ ಆಟಕ್ಕೇ ಹೆಚ್ಚು ವಾಲಿತು. ಹಾಗಾಗಿ ಇಂದಿನ ವಿದ್ಯಾರ್ಥಿಗೆ ಆ ಜಾಗ ಖಾಲಿಯಾಗಿಯೇ ಸಿಗುತ್ತದೆ.

ಆದ್ದರಿಂದ ಅಳತೆಗೋಲು ಇಷ್ಟೇ: ನೀವು ಆರಿಸುವ ಕಲೆ ಆ ಎರಡು ಹೆಜ್ಜೆಯನ್ನು ಪೆಟ್ಟು ತಿನ್ನದೆ ದಾಟುವುದನ್ನು ಕಲಿಸುತ್ತದೆಯೇ? ಎದುರಾಳಿಯೂ ನಿಜವಾಗಿ ಹೊಡೆಯಲು ಯತ್ನಿಸುವಾಗ ಅದನ್ನು ಅಭ್ಯಾಸ ಮಾಡಿಸುತ್ತದೆಯೇ? ಎಷ್ಟು ಬಗೆಯ ಒದೆತ ಇದೆ, ಯಾವ ಸಿನಿಮಾದಲ್ಲಿ ಬಂದಿದೆ ಎಂಬುದೆಲ್ಲ ಆಮೇಲಿನ ಮಾತು.

ಯಾವ ಕಾಲು ಮುಂದೆ?

ಕಲೆಯ ಹೆಸರಿಗಿಂತ ಮೊದಲೇ ತೀರ್ಮಾನಿಸಬೇಕಾದ ವಿಷಯವೊಂದಿದೆ. ಬಹಳ ಕೋಚ್‌ಗಳು ಇದನ್ನು ಪ್ರಸ್ತಾಪಿಸುವುದೇ ಇಲ್ಲ. ಜೂಡೊ ಹಿನ್ನೆಲೆಯ ಬಲಗೈಯವರು ಬಲಗೈಯಲ್ಲಿ ಕಾಲರ್, ಎಡಗೈಯಲ್ಲಿ ತೋಳು ಹಿಡಿದು, ಬಲಗಾಲು ಮುಂದಿಟ್ಟು ನಿಲ್ಲುತ್ತಾರೆ. ಕುಸ್ತಿಯವರಲ್ಲೂ ಅನೇಕರು ಬಲವಾದ ಕಾಲನ್ನೇ ಮುಂದಿಡುತ್ತಾರೆ. ಬಾಕ್ಸಿಂಗ್ ಕ್ಲಾಸಿಗೆ ಕಾಲಿಟ್ಟ ದಿನವೇ ‘ನೀವು ಬಲಗೈಯವರಲ್ವಾ, ಎಡಗಾಲು ಮುಂದಿಡಿ’ ಅನ್ನುತ್ತಾರೆ. ಅಲ್ಲಿಂದಾಚೆ ನಿಮ್ಮ ಹೊಡೆತ ಒಂದು ನಿಲುವಿನಲ್ಲಿ, ಪಟ್ಟು ಇನ್ನೊಂದು ನಿಲುವಿನಲ್ಲಿ. ಗುದ್ದಿ ಒಳನುಗ್ಗಿದ ಕ್ಷಣದಲ್ಲಿ ಕಾಲು ಬದಲಿಸಬೇಕಾಗುತ್ತದೆ. ಆ ಅರ್ಧ ಸೆಕೆಂಡಿನಲ್ಲೇ ಪೆಟ್ಟು ಬೀಳುತ್ತದೆ.

ನಿಮ್ಮ ಎಸೆತಗಳೆಲ್ಲ ಬಲಗಾಲು ಮುಂದಿರುವ ನಿಲುವಿನಲ್ಲೇ ಹದಕ್ಕೆ ಬಂದಿದ್ದರೆ ಕೋಚ್‌ಗೆ ಮೊದಲೇ ಹೇಳಿ, ಎಡಗೈ ಬಾಕ್ಸರ್‌ಗಳ ಹಾಗೆ ಸೌತ್‌ಪಾ ನಿಲುವಿನಲ್ಲೇ ಕಲಿಯಿರಿ. ಆಗ ನಿಮ್ಮ ಬಲವಾದ ಕೈ ಮುಂದಿನ ಕೈಯ ನೇರ ಗುದ್ದಾದ ಜ್ಯಾಬ್‌ಗೆ ಸಿಗುತ್ತದೆ, ಅದೇ ಕೈ ಮುಂದುವರಿದು ಕಾಲರ್ ಹಿಡಿಯುತ್ತದೆ. ಎಚ್ಚರ ಒಂದೇ: ಬಲಪಕ್ಕೆ ಎದುರಾಳಿಗೆ ಹತ್ತಿರವಾಗುವುದರಿಂದ ಲಿವರ್ ಮೇಲಿನ ಗುದ್ದಿಗೆ ದಾರಿ ಸುಲಭ. ಬಲ ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡಿರಬೇಕು. ಇನ್ನು ನಿಮ್ಮ ಜುಜುತ್ಸು ಬಹುಪಾಲು ನೆಲದ ಮೇಲಿನದೇ ಆಗಿದ್ದು ನಿಂತ ಆಟ ಇನ್ನೂ ಗಟ್ಟಿಯಾಗಿಲ್ಲದಿದ್ದರೆ ಎಡಗಾಲು ಮುಂದಿಡುವ ನಿಲುವನ್ನೇ ಕಲಿತು, ಟೇಕ್‌ಡೌನ್‌ಗಳನ್ನೂ ಅದರಲ್ಲೇ ರೂಢಿಸಿಕೊಳ್ಳಿ. ಎರಡರಲ್ಲಿ ಯಾವುದಾದರೂ ಸರಿ. ಎರಡೂ ಕಲೆಗೆ ನಿಲುವು ಒಂದೇ ಆಗಿರಲಿ.

ಬಾಕ್ಸಿಂಗ್

ಹೆಚ್ಚಿನವರಿಗೆ ನಾನು ಮೊದಲು ಸೂಚಿಸುವುದು ಬಾಕ್ಸಿಂಗನ್ನೇ. ಕಲಿಯಬೇಕಾದ ಹೊಡೆತಗಳು ಕಡಿಮೆ, ಆದರೆ ಮೊದಲ ವಾರದಿಂದಲೇ ಮುಖದತ್ತ ಬರುವ ಮುಷ್ಟಿಯನ್ನು ಕಣ್ಣು ಮಿಟುಕಿಸದೆ ನೋಡುವ ಅಭ್ಯಾಸವಾಗುತ್ತದೆ. ಜುಜುತ್ಸುವಿನವರಿಗೆ ಇಲ್ಲದಿರುವುದು ಇದೇ. ಪಟ್ಟಿನ ಆಟದಲ್ಲಿ ಕಣ್ಣು ಎದುರಾಳಿಯ ಕೈ, ಸೊಂಟ, ಕಾಲಿನ ಮೇಲಿರುತ್ತದೆ. ತಲೆ ತಗ್ಗಿರುತ್ತದೆ, ಗದ್ದ ಮುಂದೆ ಚಾಚಿರುತ್ತದೆ. ಗಿ ಹಿಡಿದು ತಳ್ಳಾಡುವಾಗ ಇದರಿಂದ ನಷ್ಟವಿಲ್ಲ. ಗುದ್ದು ಬರುವಲ್ಲಿ ಇದಕ್ಕಿಂತ ಕೆಟ್ಟ ಭಂಗಿ ಇನ್ನೊಂದಿಲ್ಲ.

ಬಾಕ್ಸಿಂಗ್‌ನಿಂದ ನಿಮಗೆ ಬೇಕಾದ ಸರಕೇನು ಎಂಬುದಕ್ಕೆ ಒಂದೇ ಒಂದು ಚಲನೆಯನ್ನು ಬಿಡಿಸಿ ನೋಡೋಣ. ಎದುರಾಳಿ ಎಡಗೈ ಜ್ಯಾಬ್ ಬಿಡುತ್ತಾನೆ. ನಿಮ್ಮ ಬಲ ಅಂಗೈ ಅದನ್ನು ನಾಲ್ಕು ಬೆರಳಿನಷ್ಟು ಮಾತ್ರ ಪಕ್ಕಕ್ಕೆ ತಟ್ಟುತ್ತದೆ. ಅದೇ ಹೊತ್ತಿಗೆ ನಿಮ್ಮ ಎಡಗೈ ಜ್ಯಾಬ್ ಅವನ ಮೂಗಿನತ್ತ ಹೋಗುತ್ತದೆ. ಅವನು ಕೈ ಎತ್ತಿ ಮುಖ ಮುಚ್ಚಿಕೊಳ್ಳುತ್ತಾನೆ. ಹಿಂದೆಯೇ ನಿಮ್ಮ ಬಲಗೈ ನೇರ ಗುದ್ದು, ಅವನ ಗಾರ್ಡ್ ಮೇಲೆಯೇ. ಅವನನ್ನು ಉರುಳಿಸುವುದು ಈ ಗುದ್ದಿನ ಕೆಲಸವಲ್ಲ. ಅವನ ಎರಡೂ ಕೈ ಮೇಲಕ್ಕೆ ಹೋಗಿ, ಕಂಕುಳು ತೆರೆದುಕೊಂಡು, ತೂಕ ಹಿಮ್ಮಡಿಗೆ ಬಿದ್ದರೆ ಸಾಕು. ಆಗ ಸೊಂಟ ಬಗ್ಗಿಸದೆ ಮಂಡಿ ಬಗ್ಗಿಸಿ ಕೆಳಗಿಳಿಯಿರಿ, ಹಿಂದಿನ ಕಾಲನ್ನು ಅವನ ಕಾಲುಗಳ ನಡುವೆ ತನ್ನಿ, ಕಿವಿ ಅವನ ಎದೆಗೆ ಅಂಟಲಿ, ಎರಡೂ ಕೈ ಕಂಕುಳಿನ ಕೆಳಗೆ ಹಾದು ಬೆನ್ನ ಹಿಂದೆ ಕೂಡಲಿ. ಅಲ್ಲಿಂದ ಮುಂದಿನದು ನಿಮಗೆ ಗೊತ್ತಿರುವ ಆಟ. ಈ ಒಂದು ಸರಣಿಯನ್ನು ಪ್ಯಾಡ್ ಹಿಡಿದ ಸ್ನೇಹಿತನ ಜೊತೆ ದಿನಾ ಮಾಡಿದರೆ, ಹತ್ತು ಬಗೆಯ ಒದೆತ ಕಲಿತದ್ದಕ್ಕಿಂತ ಹೆಚ್ಚು ಲಾಭ.

ಬಾಕ್ಸಿಂಗ್‌ನಿಂದ ತರಬಾರದ್ದೂ ಇದೆ. ಗುದ್ದು ತಪ್ಪಿಸಲು ಬಾಕ್ಸರ್ ಸೊಂಟದಿಂದ ತೀರಾ ಕೆಳಗೆ ಬಾಗುತ್ತಾನೆ. ಒದೆತ, ಹಿಡಿತ ಇರುವ ಆಟದಲ್ಲಿ ಹಾಗೆ ಬಾಗಿದರೆ ಮುಖ ಎದುರಾಳಿಯ ಮಂಡಿಗೆ ಸಿಗುತ್ತದೆ, ಇಲ್ಲವೇ ಕತ್ತು ಅವನ ಗಿಲೊಟಿನ್ ಹಿಡಿತಕ್ಕೆ ಸಿಗುತ್ತದೆ. ಬಾಕ್ಸರ್ ಮುಂದಿನ ಕಾಲಿಗೆ ತೂಕ ಹೊರಿಸುತ್ತಾನೆ. ಹಾಗೆ ನಿಂತರೆ ತೊಡೆಗೆ ಬೀಳುವ ಒದೆತದಿಂದ ಕಾಲೆತ್ತಿ ಪಾರಾಗಲು ಆಗುವುದಿಲ್ಲ. ದೊಡ್ಡ ಗ್ಲೌಸ್‌ನ ಹಿಂದೆ ಮುಖ ಅಡಗಿಸುವ ರಕ್ಷಣೆಯೂ ಬರಿಗೈಗೆ ಬಂದಾಗ ಸೋರುತ್ತದೆ. ಕೈಪಟ್ಟಿ, ಗ್ಲೌಸ್ ಇಲ್ಲದೆ ತಲೆಬುರುಡೆಗೆ ಗುದ್ದಿದರೆ ಕಿರುಬೆರಳಿನ ಬುಡದ ಮೂಳೆ ಮುರಿಯುವುದು ಬಹಳ ಸಾಮಾನ್ಯ. ಜುಜುತ್ಸುವಿನವರಿಗೆ ಮುರಿದ ಕೈ ಎಂದರೆ ಹಿಡಿತವೇ ಹೋದಂತೆ. ಬರಿಗೈಯಾದರೆ ಅಂಗೈಯ ಬುಡದಿಂದ ಹೊಡೆಯುವುದನ್ನು ರೂಢಿಸಿಕೊಳ್ಳಿ.

ಮುವಾಯ್ ಥಾಯ್

ಥಾಯ್ಲೆಂಡಿನ ಈ ಕಲೆಯಲ್ಲಿ ಮುಷ್ಟಿ, ಮೊಣಕೈ, ಮೊಣಕಾಲು, ಕಣಕಾಲು ಎಲ್ಲವೂ ಆಯುಧ. ಆದರೆ ಜುಜುತ್ಸುವಿನವರಿಗೆ ಅದು ನೆರವಾಗುವುದು ಮುಖ್ಯವಾಗಿ ಕ್ಲಿಂಚ್‌ನಿಂದ, ಅಂದರೆ ಇಬ್ಬರೂ ಕತ್ತು ತೋಳು ಹಿಡಿದು ನಿಂತೇ ಸೆಣಸುವ ಹಂತದಿಂದ. ಬಾಕ್ಸಿಂಗ್‌ನಲ್ಲಿ ರೆಫರಿ ಬಿಡಿಸುವ ಜಾಗದಲ್ಲಿ ಇಲ್ಲಿ ಆಟ ಶುರುವಾಗುತ್ತದೆ. ಥಾಯ್ ಶಿಬಿರಗಳಲ್ಲಿ ದಿನದ ತರಬೇತಿಯ ಕೊನೆಗೆ ದೀರ್ಘ ಹೊತ್ತು ಕ್ಲಿಂಚನ್ನೇ ಆಡಿಸುತ್ತಾರೆ.

ಜುಜುತ್ಸುವಿನವರಿಗೆ ಅಲ್ಲೊಂದು ಆಘಾತ ಕಾದಿರುತ್ತದೆ. ಎದುರಾಳಿ ಕತ್ತು ಹಿಡಿದಾಗ ಅವರು ಸೊಂಟ ಹಿಂದಕ್ಕೆಳೆದು ಬಾಗುತ್ತಾರೆ, ಟೇಕ್‌ಡೌನ್ ತಪ್ಪಿಸಲು ಅದೇ ಸರಿ. ಮೊಣಕಾಲು ಹೊಡೆತಕ್ಕೆ ಅದೇ ಆಹ್ವಾನ. ಥಾಯ್ ಕ್ಲಿಂಚ್‌ನಲ್ಲಿ ಬೆನ್ನು ನೇರ, ಸೊಂಟ ಎದುರಾಳಿಯ ಸೊಂಟಕ್ಕೆ ಒತ್ತಿರಬೇಕು, ಗದ್ದ ಒಳಗಿರಬೇಕು. ಈ ಎರಡು ಭಂಗಿಗಳ ನಡುವೆ ಹೋಗಿಬರುವುದನ್ನು ಕಲಿತವರ ನಿಂತ ಆಟ ಪೂರ್ತಿ ಬದಲಾಗುತ್ತದೆ. ಥಾಯ್ ನಿಯಮದಲ್ಲಿ ಜೂಡೊ ರೀತಿಯ ಸೊಂಟದ ಎಸೆತಕ್ಕೆ ಅವಕಾಶವಿಲ್ಲ. ಸ್ಪಾರಿಂಗ್‌ನಲ್ಲಿ ಕೈ ತುರಿಸಿದರೂ ಎಸೆಯಬೇಡಿ, ಅಲ್ಲಿನ ಮರ್ಯಾದೆ ಅದು.

ಮುವಾಯ್ ಥಾಯ್‌ನಲ್ಲಿ ಒದೆತ ಹಾಕಿದರೆ ಎದುರಾಳಿ ಕಾಲು ಹಿಡಿದು ಕೆಡವುತ್ತಾನೆ ಎಂಬ ಆಕ್ಷೇಪವಿದೆ. ಕುಸ್ತಿ ಬಾರದ ಕಿಕ್‌ಬಾಕ್ಸರ್‌ಗೆ ಆ ಭಯ ಸಹಜ. ನಿಮಗೆ ಆ ಭಯ ಯಾಕೆ? ಬಿದ್ದರೆ ಬೀಳುವುದು ನಿಮ್ಮ ಅಂಗಳಕ್ಕೇ. ಚಾರ್ಲ್ಸ್ ಒಲಿವೇರಾನನ್ನು ನೋಡಿ. ಯುಎಫ್‌ಸಿ ಇತಿಹಾಸದಲ್ಲಿ ಅತಿ ಹೆಚ್ಚು ಸಬ್‌ಮಿಶನ್ ಗೆಲುವುಗಳ ದಾಖಲೆ ಇರುವ ಆತ ಮುವಾಯ್ ಥಾಯ್ ರೀತಿಯಲ್ಲಿ ಮುಂದೊತ್ತಿ ಮೊಣಕಾಲು, ಒದೆತ, ಗುದ್ದು ಎಲ್ಲವನ್ನೂ ಸಡಿಲವಾಗಿ ಬಿಡುತ್ತಾನೆ. 2021ರಲ್ಲಿ ಮೈಕಲ್ ಚಾಂಡ್ಲರ್ ವಿರುದ್ಧ ಲೈಟ್‌ವೆಯ್ಟ್ ಕಿರೀಟ ಗೆದ್ದದ್ದು ಗುದ್ದಿನಿಂದಲೇ. ಅವನು ಬಿದ್ದಾಗ ಮೇಲೆ ಬೀಳಲು ಎದುರಾಳಿಗಳು ಹಿಂಜರಿಯುತ್ತಾರೆ, ಏಕೆಂದರೆ ನೆಲದ ಮೇಲೆ ಅವನು ಇನ್ನೂ ಅಪಾಯಕಾರಿ. ಜುಜುತ್ಸು ವಿಶ್ವ ಚಾಂಪಿಯನ್ ಆಗಿದ್ದ ಫ್ಯಾಬ್ರಿಸಿಯೊ ವೆರ್ಡಮ್ ಕೂಡ ಇದೇ ಹಾದಿಯವನು. ಮುವಾಯ್ ಥಾಯ್ ಹಿನ್ನೆಲೆಯ ಕೋಚ್ ರಫೇಲ್ ಕೊರ್ಡೇರೊ ಬಳಿ ಪಳಗಿ, 2015ರಲ್ಲಿ ಕೇನ್ ವೆಲಾಸ್ಕೆಜ್‌ನನ್ನು ನಿಂತ ಆಟದಲ್ಲಿ ಬಳಲಿಸಿದ. ದಣಿದ ಕೇನ್ ಟೇಕ್‌ಡೌನ್‌ಗೆ ನುಗ್ಗಿದಾಗ ಗಿಲೊಟಿನ್ ಹಾಕಿ ಹೆವಿವೆಯ್ಟ್ ಪ್ರಶಸ್ತಿ ಪಡೆದ. ಹೊಡೆತವೂ ಪಟ್ಟೂ ಹೀಗೆ ಒಂದರ ಕೈಗೆ ಒಂದು ಸಿಗುವಂತೆ ಕೂಡಿದ ಪಂದ್ಯಗಳು ಅಪರೂಪ.

ಕರಾಟೆ

ನಮ್ಮ ರಾಜ್ಯದಲ್ಲಿ ಕರಾಟೆ ಶಾಲೆ ಇಲ್ಲದ ಪಟ್ಟಣ ಸಿಗುವುದು ಕಷ್ಟ. ಮನೆಯ ಹತ್ತಿರ ಇರುವುದು ಅದೊಂದೇ ಆದರೆ ಕೈಬಿಡಬೇಡಿ, ಜುಜುತ್ಸುವಿಗೂ ಕರಾಟೆಗೂ ಹಳೆಯ ನಂಟಿದೆ. 1922ರಲ್ಲಿ ಒಕಿನಾವಾದಿಂದ ಟೋಕಿಯೊಗೆ ಬಂದ ಗಿಚಿನ್ ಫುನಾಕೊಶಿಯನ್ನು ತನ್ನ ಜೂಡೊ ಶಾಲೆಯಾದ ಕೊಡೊಕಾನ್‌ಗೆ ಕರೆಸಿ ಪ್ರದರ್ಶನ ಮಾಡಿಸಿದ್ದು ಅದೇ ಜಿಗೊರೊ ಕಾನೊ. ಕರಾಟೆಯ ಇಂದಿನ ಉಡುಪು, ಬೆಲ್ಟ್ ಎರಡೂ ಜೂಡೊದಿಂದ ಬಂದವು. ಫುನಾಕೊಶಿಯ ಶಿಷ್ಯ ಹಿರೊನೊರಿ ಓತ್ಸುಕಾ ಅದಕ್ಕೂ ಮುಂಚೆ ಜುಜುತ್ಸು ಪಂಡಿತ. ಆತ 1930ರ ದಶಕದಲ್ಲಿ ಕಟ್ಟಿದ ವಾಡೊ-ರ್ಯು ಶೈಲಿಯಲ್ಲಿ ಹೊಡೆತವನ್ನು ಎದುರಿಸಿ ತಡೆಯುವುದಕ್ಕಿಂತ ಮೈಯನ್ನು ಪಕ್ಕಕ್ಕೆ ಸರಿಸಿ ಒಳಸೇರುವುದಕ್ಕೇ ಒತ್ತು. ಜುಜುತ್ಸು ಮೈಗೂಡಿದವರಿಗೆ ಈ ಶೈಲಿ ಬೇಗ ಒಗ್ಗುತ್ತದೆ.

ಕರಾಟೆಯ ಇನ್ನೊಂದು ಶೈಲಿ ಶೊಟೊಕಾನ್‌ನ ದೊಡ್ಡ ಕೊಡುಗೆ ದೂರದ ಲೆಕ್ಕ: ಎದುರಾಳಿಗೆ ಸಿಗದಷ್ಟು ದೂರ ನಿಂತು, ಅವನು ಕದಲಿದ ಕ್ಷಣದಲ್ಲಿ ಒಂದೇ ನೆಗೆತಕ್ಕೆ ಒಳಗೆ ಹೋಗುವುದು. ಶೊಟೊಕಾನ್ ಮಾಸ್ಟರ್‌ನ ಮಗನಾಗಿ ಬೆಳೆದು ಜುಜುತ್ಸುವಿನಲ್ಲೂ ಬ್ಲ್ಯಾಕ್ ಬೆಲ್ಟ್ ಪಡೆದ ಲಿಯೊಟೊ ಮಚಿಡಾ 2009ರಲ್ಲಿ ಯುಎಫ್‌ಸಿ ಲೈಟ್ ಹೆವಿವೆಯ್ಟ್ ಚಾಂಪಿಯನ್ ಆದದ್ದು ಈ ಲೆಕ್ಕದಿಂದಲೇ. ಆದರೆ ಮುಟ್ಟಿದ ಕೂಡಲೇ ಅಂಕ ಕೊಟ್ಟು ಆಟ ನಿಲ್ಲಿಸುವ ಕ್ಲಾಸ್‌ನಲ್ಲಿ ಹೊಡೆದ ಮೇಲೆ ಕೈ ಬಿಟ್ಟು ತಿರುಗಿ ನಿಲ್ಲುವ ಚಟ ಅಂಟುತ್ತದೆ. ಅದು ಬೇಡ. ಕ್ಯೊಕುಶಿನ್ ಶೈಲಿಯಲ್ಲಿ ಪೆಟ್ಟು ನಿಜ, ಮೈ ಗಟ್ಟಿಯಾಗುತ್ತದೆ, ತೊಡೆಗೆ ಒದೆಯುವುದನ್ನು ಅದಕ್ಕಿಂತ ಚೆನ್ನಾಗಿ ಕಲಿಸುವ ಕಡೆ ಕಡಿಮೆ. ಅಲ್ಲಿನ ಪಂದ್ಯಗಳಲ್ಲಿ ಮುಖಕ್ಕೆ ಗುದ್ದುವಂತಿಲ್ಲವಾದ್ದರಿಂದ ಕೈ ಎದೆಯ ಮಟ್ಟಕ್ಕೆ ಇಳಿದುಬಿಡುತ್ತದೆ. ಕ್ಯೊಕುಶಿನ್ ಕಲಿಯುವವರು ವಾರಕ್ಕೊಂದು ದಿನವಾದರೂ ಗ್ಲೌಸ್ ಹಾಕಿ ಮುಖದ ರಕ್ಷಣೆ ಅಭ್ಯಾಸ ಮಾಡಬೇಕು.

ಹೊಡೆತ, ಎಸೆತ, ನೆಲದ ಪಟ್ಟು ಮೂರನ್ನೂ ಒಂದೇ ಉಡುಪಿನಲ್ಲಿ ಆಡಬಯಸುವವರಿಗೆ ಕೂಡೊ ಇದೆ. ಕ್ಯೊಕುಶಿನ್ ಚಾಂಪಿಯನ್ ಆಗಿದ್ದ ತಕಾಶಿ ಅಜುಮಾ 1981ರಲ್ಲಿ ಜಪಾನಿನ ಸೆಂಡಾಯ್‌ನಲ್ಲಿ ಶುರುಮಾಡಿದ ಪಂಥ. ಪಾರದರ್ಶಕ ಮುಖವಾಡದ ಹೆಲ್ಮೆಟ್ ಹಾಕಿ, ಗಿ ತೊಟ್ಟು ಆಡುತ್ತಾರೆ. ನೆಲದ ಆಟಕ್ಕೆ ಅಲ್ಪ ಸಮಯ ಮಾತ್ರ. ನಮ್ಮ ದೇಶದಲ್ಲಿ ನಟ ಅಕ್ಷಯ್ ಕುಮಾರ್ ಹೆಸರಿನ ಪಂದ್ಯಾವಳಿಯಿಂದ ಇದು ಪರಿಚಿತ. ಒಳ್ಳೆಯ ಶಾಲೆ ಸಿಕ್ಕರೆ ಬಿಡಬೇಡಿ.

ಕಡೆಗಣಿಸಲ್ಪಟ್ಟ ಸಾಂಡಾ

ವುಶು ಅಂದರೆ ಕತ್ತಿ ಬೀಸುವ ಚೀನೀ ಕವಾಯತು ಎಂದೇ ಹಲವರ ಎಣಿಕೆ. ಅದರ ಇನ್ನೊಂದು ಅರ್ಧ ಸಾಂಡಾ. ಗುದ್ದು, ಒದೆತ, ಮೇಲೆ ಎಸೆತ. ಒದ್ದ ಕಾಲನ್ನು ಹಿಡಿದು, ನಿಂತ ಕಾಲನ್ನು ಬಾಚಿ ಕೆಡವುವುದು ಇಲ್ಲಿ ನಿತ್ಯದ ಪಾಠ. ಹೊಡೆತದಿಂದ ಎಸೆತಕ್ಕೆ ಹೋಗುವ ಸೇತುವೆಯನ್ನು ನಿಯಮದಲ್ಲೇ ಕಟ್ಟಿಕೊಂಡ ಕಲೆ ಅಂದರೆ ಇದು. ಕ್ಲಿಂಚ್ ಉದ್ದಕ್ಕೆ ಬೆಳೆಯಲು ಬಿಡುವುದಿಲ್ಲ, ಹಿಡಿದೊಡನೆ ಎಸೆಯಬೇಕು. ನೆಲದ ಆಟ ಇಲ್ಲವೇ ಇಲ್ಲ, ಆದರೆ ಅದು ನಿಮ್ಮ ಬಳಿ ಈಗಾಗಲೇ ಇದೆಯಲ್ಲ. ಭಾರತದಲ್ಲಿ ಸಾಂಡಾಕ್ಕೆ ಒಳ್ಳೆಯ ಬೇರಿದೆ. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಮಣಿಪುರದ ರೋಶಿಬಿನಾ ದೇವಿ 60 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದರು. 2024ರ ಜೂನ್‌ನಲ್ಲಿ ಯುಎಫ್‌ಸಿ ಪಂದ್ಯ ಗೆದ್ದ ಭಾರತದ ಮೊದಲ ಮಹಿಳೆ ಪೂಜಾ ತೋಮರ್ ವುಶುವಿನಿಂದಲೇ ಬಂದವರು. ನಿಮ್ಮ ಜಿಲ್ಲೆಯಲ್ಲಿ ಸಾಂಡಾ ಆಡಿ ಪದಕ ಗೆದ್ದ ಕೋಚ್ ಇದ್ದರೆ ಬಾಕ್ಸಿಂಗ್‌ಗಿಂತ ಮೊದಲು ಅವರನ್ನು ಹೋಗಿ ನೋಡಿ ಎಂದೇ ನಾನು ಹೇಳುವುದು.

ಇನ್ನುಳಿದ ಕಲೆಗಳಲ್ಲಿ, ಟೇಕ್ವಾಂಡೊ ಒದೆತಗಳ ವೇಗ ಬೆರಗು ಹುಟ್ಟಿಸುತ್ತದೆ, ಆದರೆ ಅದರ ಒಲಿಂಪಿಕ್ ಮಾದರಿಯಲ್ಲಿ ಮುಖಕ್ಕೆ ಗುದ್ದು ನಿಷಿದ್ಧ, ಪಂದ್ಯದ ನಿಲುವು ಹಿಡಿತಕ್ಕೆ ದೂರ. ಚಿಕ್ಕಂದಿನಿಂದ ಕಲಿತಿದ್ದರೆ ಉಳಿಸಿಕೊಳ್ಳಿ, ಇದಕ್ಕಾಗಿ ಹೊಸದಾಗಿ ಸೇರಬೇಡಿ. ಕಳರಿಪಯಟ್ಟು ಮೈಯನ್ನು ಬಳ್ಳಿಯಂತೆ ಬಳುಕಿಸುವ ದೊಡ್ಡ ವಿದ್ಯೆ. ಅದನ್ನು ಅದಕ್ಕಾಗಿಯೇ ಕಲಿಯಬೇಕು. ಮುಕ್ತ ಸ್ಪಾರಿಂಗ್ ಬಯಸುವವರಿಗೆ ಅದು ಜಾಗವಲ್ಲ.

ಹೊಡೆತ ಮತ್ತು ಪಟ್ಟು ಬೇರೆ ಬೇರೆ ಎಂದು ನಮ್ಮ ನಾಡು ಎಂದೂ ಅಂದುಕೊಂಡಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ಅದಕ್ಕೆ ಜೀವಂತ ಸಾಕ್ಷಿ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರಮುಷ್ಟಿ ಬಿಗಿದು, ಒಬ್ಬರ ಕೈ ಒಬ್ಬರು ಹಿಡಿಯುತ್ತ, ಮಣಿಸುತ್ತ, ಸಂದು ನೋಡಿ ತಲೆಗೆ ಹೊಡೆಯುತ್ತಾರೆ. ರಕ್ತ ಕಂಡ ಕೂಡಲೇ ಕಾಳಗ ಮುಗಿಯುತ್ತದೆ. ಅಲ್ಲಿ ಹೊಡೆಯುವ ಕೈಯನ್ನು ಕಟ್ಟಿಹಾಕುವುದೇ ರಕ್ಷಣೆ. ಜುಜುತ್ಸುವಿನವರು ಆ ಕ್ಷಣಗಳನ್ನು ಕಣ್ಣರಳಿಸಿ ನೋಡಬೇಕು.

ನಿಮಗೆ ಬೇಕಾದ್ದು ಯಾವುದಕ್ಕೆ?

ಎಂಎಂಎ (ಮಿಶ್ರ ಸಮರ ಕಲೆ) ಕಣಕ್ಕೆ ಇಳಿಯುವ ಆಸೆಯಿದ್ದರೆ ಬಾಕ್ಸಿಂಗ್‌ನಿಂದ ಶುರುಮಾಡಿ, ಆರು ತಿಂಗಳ ಮೇಲೆ ಮುವಾಯ್ ಥಾಯ್ ಸೇರಿಸಿ. ದೇಹ ಚುರುಕಾಗಿರಲಿ ಎಂಬಷ್ಟೇ ಆಸೆಯಾದರೆ ನಿಮಗೆ ಖುಷಿ ಕೊಡುವುದನ್ನು ಆರಿಸಿ, ಅದರಲ್ಲಿ ತಪ್ಪೇನಿಲ್ಲ.

ಆತ್ಮರಕ್ಷಣೆಗಾಗಿ ಕಲಿಯುವವರಿಗೆ ಸ್ವಲ್ಪ ವಿವರ ಬೇಕು. ಬೀದಿಯಲ್ಲಿ ನೆಲಕ್ಕೆ ಬೀಳುವುದು ಒಳ್ಳೆಯದಲ್ಲ. ಕೆಳಗೆ ಟಾರು, ಕಲ್ಲು, ಸುತ್ತ ಇನ್ನಿಬ್ಬರು ಇರಬಹುದು. ಅಲ್ಲಿ ಹೊಡೆತದ ಕೆಲಸ ಮುಖ ಕಾಯ್ದುಕೊಳ್ಳುವುದು, ದೂರ ಮಾಡಿಕೊಳ್ಳುವುದು, ಓಡಲು ಒಂದು ದಾರಿ ಮಾಡಿಕೊಳ್ಳುವುದು. ಬಾಕ್ಸಿಂಗ್‌ನ ರಕ್ಷಣೆ, ಥಾಯ್ ಶೈಲಿಯಲ್ಲಿ ಎದುರಾಳಿಯ ಹೊಟ್ಟೆಗೆ ಪಾದ ಒತ್ತಿ ತಳ್ಳುವ ಒದೆತ, ಇವೆರಡೇ ಸಾಕು. ಕಾನೂನನ್ನೂ ತಿಳಿದಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡಲು ಆ ಹಕ್ಕು ಬಾರದು. ಕೆಡವಿ ಅದುಮಿ ಹಿಡಿಯಬಲ್ಲ ಜುಜುತ್ಸು ವಿದ್ಯಾರ್ಥಿಗೆ ಇಲ್ಲಿ ದೊಡ್ಡ ಅನುಕೂಲವಿದೆ, ಹೊಡೆತವೊಂದನ್ನೇ ಬಲ್ಲವರಿಗೆ ಅದಿಲ್ಲ.

ಕ್ಲಾಸ್ ನೋಡುವ ಬಗೆ

ಕಲೆಗಿಂತ ಕಲಿಸುವವರು ಮುಖ್ಯ ಎಂಬ ಮಾತು ಹೊಡೆತದ ವಿಷಯದಲ್ಲಿ ಇನ್ನೂ ನಿಜ, ಯಾಕೆಂದರೆ ಇಲ್ಲಿ ಪಣಕ್ಕಿರುವುದು ಮಿದುಳು. ಒಂದು ಸಂಜೆ ಸುಮ್ಮನೆ ಕೂತು ನೋಡಿ. ಹೊಸಬರನ್ನು ಮೊದಲ ವಾರವೇ ಹಳಬರ ಮುಂದೆ ಸ್ಪಾರಿಂಗ್‌ಗೆ ನಿಲ್ಲಿಸುತ್ತಾರೆಯೇ? ಹಾಗಿದ್ದರೆ ಎದ್ದು ಬನ್ನಿ. ವರ್ಷಗಟ್ಟಲೆ ಬ್ಯಾಗ್, ಪ್ಯಾಡ್ ಬಿಟ್ಟರೆ ಸ್ಪಾರಿಂಗ್ ಇಲ್ಲವೇ ಇಲ್ಲವೇ? ಅಲ್ಲಿಂದಲೂ ಎದ್ದು ಬನ್ನಿ. ಒಳ್ಳೆಯ ಕಡೆ ಹಗುರ ಸ್ಪಾರಿಂಗ್ ಮಾಡುವವರು ನಗುತ್ತಿರುತ್ತಾರೆ, ಒಬ್ಬನಿಗೆ ಜೋರು ಪೆಟ್ಟು ಬಿದ್ದರೆ ಇನ್ನೊಬ್ಬ ತಾನೇ ನಿಲ್ಲಿಸುತ್ತಾನೆ, ಕೋಚ್‌ನ ಕಣ್ಣು ಫೋನಿನ ಮೇಲಲ್ಲ, ಕಣದ ಮೇಲಿರುತ್ತದೆ. ಹೆಣ್ಣುಮಕ್ಕಳು, ವಯಸ್ಸಾದವರು ಎಷ್ಟು ಕಾಲದಿಂದ ಬರುತ್ತಿದ್ದಾರೆ ಎಂದು ವಿಚಾರಿಸಿ. ಅವರು ಉಳಿದುಕೊಂಡಿದ್ದರೆ ಆ ಜಾಗ ಸುರಕ್ಷಿತ. ಜುಜುತ್ಸು ಮಾಡುತ್ತೇನೆ ಎಂದಾಗ ಕೋಚ್ ಮುಖ ಸಿಂಡರಿಸಿದರೆ ಅಲ್ಲಿ ನಿಮ್ಮ ಪ್ರಶ್ನೆಗಳಿಗೆ ಉತ್ತರ ಸಿಗದು.

ಹೆಡ್‌ಗಿಯರ್ ಹಾಕಿದರೆ ಮಿದುಳಿಗೆ ಏನೂ ಆಗದು ಎಂಬುದು ತಪ್ಪು ಕಲ್ಪನೆ. ಅದು ಚರ್ಮ ಸೀಳದಂತೆ ತಡೆಯುತ್ತದೆ, ತಲೆಬುರುಡೆಯೊಳಗೆ ಮಿದುಳು ಅಲುಗುವುದನ್ನು ತಡೆಯಲಾರದು. ಅಂತರರಾಷ್ಟ್ರೀಯ ಹಂತದ ಪುರುಷರ ಅಮೆಚೂರ್ ಬಾಕ್ಸಿಂಗ್‌ನಲ್ಲಿ 2013ರಲ್ಲಿ ಅದನ್ನು ತೆಗೆದೇಹಾಕಿದರು. ಕಾಯುವುದು ಹಗುರವಾದ ಸ್ಪಾರಿಂಗ್ ಮಾತ್ರ. ಸ್ಪಾರಿಂಗ್‌ಗೆ 16 ಔನ್ಸ್ ಗ್ಲೌಸ್, ಅಂದರೆ ಒಂದೊಂದೂ ಸುಮಾರು 450 ಗ್ರಾಂ, ಬ್ಯಾಗ್‌ಗೆ 12 ಔನ್ಸ್, ಒಳಗೆ ನಾಲ್ಕೂವರೆ ಮೀಟರ್ ಉದ್ದದ ಕೈಪಟ್ಟಿ, ಹಲ್ಲಿಗೆ ಮೌತ್‌ಗಾರ್ಡ್. ಪೆಟ್ಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಬೆಳಕು ಸಹಿಸಲಾಗದಿರುವುದು, ಮಾತು ಮರೆಯುವುದು ಕಂಡರೆ ವೈದ್ಯರನ್ನು ಕಾಣಿ. ಅವರು ಒಪ್ಪುವವರೆಗೆ ಸ್ಪಾರಿಂಗ್ ಬೇಡ, ಕತ್ತು ಬಿಗಿಯುವ ಪಟ್ಟುಗಳೂ ಬೇಡ. ಮಕ್ಕಳ ತಲೆಗೆ ಹೊಡೆಸುವ ಯಾವ ಕ್ಲಾಸಿಗೂ ಮಗುವನ್ನು ಸೇರಿಸಬೇಡಿ.

ವೇಳಾಪಟ್ಟಿಯ ಬಗ್ಗೆ ಒಂದು ಮಾತು. ಜುಜುತ್ಸು ವಾರಕ್ಕೆ ಮೂರು ದಿನ ಇದ್ದರೆ ಹೊಡೆತಕ್ಕೆ ಎರಡು ದಿನ ಸಾಕು. ಒಂದೇ ದಿನ ಎರಡನ್ನೂ ಇಟ್ಟುಕೊಳ್ಳಬೇಕಾದರೆ ಹೊಡೆತ ಮೊದಲಿರಲಿ. ಗಿ ಹಿಡಿದು ಬೆರಳುಗಳು ದಣಿದ ಮೇಲೆ ಮುಷ್ಟಿ ಬಿಗಿಯಾಗುವುದಿಲ್ಲ, ಮಣಿಕಟ್ಟು ಉಳುಕುತ್ತದೆ. ಮೊದಲ ಮೂರು ತಿಂಗಳು ತಲೆಗೆ ಸ್ಪಾರಿಂಗ್ ಬೇಡ, ಭುಜ ಮುಟ್ಟುವ ಆಟ, ಜ್ಯಾಬ್ ಮಾತ್ರದ ಆಟ ಸಾಕು. ಹೊಸ ಕಲೆಯ ಹುಮ್ಮಸ್ಸಿನಲ್ಲಿ ಜುಜುತ್ಸು ತಪ್ಪಿಸಬೇಡಿ, ನಿಮ್ಮ ಬಂಡವಾಳ ಅದೇ.

ನನ್ನ ಸಲಹೆ ಹೀಗೆ: ಒಳ್ಳೆಯ ಬಾಕ್ಸಿಂಗ್ ಕೋಚ್ ಹತ್ತಿರವಿದ್ದರೆ ಬಾಕ್ಸಿಂಗ್. ನಿಂತ ಹಿಡಿತ ಗಟ್ಟಿಯಿದ್ದು ಅದನ್ನು ಬೆಳೆಸುವ ಆಸೆಯಿದ್ದರೆ ಮುವಾಯ್ ಥಾಯ್. ಸಾಂಡಾ ಸಿಕ್ಕರೆ ಅದು ಅದೃಷ್ಟ. ಊರಲ್ಲಿ ಕರಾಟೆ ಮಾತ್ರ ಇದ್ದರೆ ನಿಜವಾದ ಸ್ಪಾರಿಂಗ್ ಇರುವ ಶಾಲೆ ಹುಡುಕಿ, ಗ್ಲೌಸ್ ಹಾಕಿ ಮುಖ ಕಾಯುವ ಅಭ್ಯಾಸ ಸೇರಿಸಿಕೊಳ್ಳಿ. ಯಾವುದೇ ಆದರೂ ಮೂರು ತಿಂಗಳ ಫೀ ಒಟ್ಟಿಗೆ ಕಟ್ಟುವ ಮುನ್ನ ಒಂದು ಟ್ರಯಲ್ ಕ್ಲಾಸ್ ಕೇಳಿ, ಸ್ಪಾರಿಂಗ್ ನಡೆಯುವ ದಿನವೇ ಹೋಗಿ ನೋಡಿ.